ತಂತಿ ಕಚೇರಿಯ ಗುರೂಜಿ

ಶುದ್ಧ ಕನ್ನಡ ಮಾತನಾಡಲು ಹೋಗಿ ಕೆಟ್ಟವರು ಲೋಕದಲ್ಲಿ ಹೆಚ್ಚು ಜನ ಇಲ್ಲ. ಇರುವ ಕೆಲವರಲ್ಲಿ ಪಟ್ಟಾಭಿರಾಮನಿಗೆ ಮೊದಲ ಮಣೆ ಹಾಕಬೇಕು.

ತುಮಕೂರಿನ ಕಡೆಯವನಾದ ಪಟ್ಟಾಭಿರಾಮ ಕೇಂದ್ರ ಸರ್ಕಾರದ ಟೆಲಿಗ್ರಾಫ್ ಇಲಾಖೆಯ ನೌಕರ. ಊರವರ ಹುಟ್ಟು, ಸಾವು, ಮದುವೆ, ಪರೀಕ್ಷೆಯ ಫಲಿತಾಂಶಗಳನ್ನೆಲ್ಲ ಕಟ್ಟು ಕಡ ಎಂದು ಬೆರಳಲ್ಲಿ ಕುಟ್ಟಿ ಕಳಿಸುವುದು ಅವನ ಕೆಲಸ. ಇಲಾಖೆ ಅವನನ್ನು ಊರಿಂದ ಊರಿಗೆ ಎಸೆದಾಡಿ, ಅರವತ್ತೇಳನೆಯ ಇಸವಿಯ ಹೊತ್ತಿಗೆ ವಡೋದರಾಕ್ಕೆ ತಂದು ಹಾಕಿತ್ತು. ರಾವಪುರಾದ ಒಂದು ಪೋಳದಲ್ಲಿ, ಎಂದರೆ ಒಂದೇ ಹೆಬ್ಬಾಗಿಲಿನ ಒಳಗೆ ಮನೆಗೆ ಮನೆ ಅಂಟಿಕೊಂಡಿರುವ ಓಣಿಯಲ್ಲಿ, ಮಹಡಿಯ ಮೇಲೆ ಅವನ ಬಾಡಿಗೆ ಬಿಡಾರ. ಹೆಂಡತಿ ವೈದೇಹಿ, ಎಂಟು ವರ್ಷದ ಮಗಳು ನಳಿನಿ, ಬೀರುವಿನ ಮೇಲೆ ತೀರಿಹೋದ ಅಪ್ಪನ ಪಿಟೀಲು, ಬಿಡುವಾದಾಗ ಇಳಿಸಿ ಎಳೆಯಲು. ಇಷ್ಟು ಅವನ ಸಂಸಾರ.

ನಳಿನಿಗೆ ಶಾಲೆಯಲ್ಲಿ ಗುಜರಾತಿ, ಓಣಿಯಲ್ಲಿ ಗುಜರಾತಿ, ನಿದ್ದೆಯಲ್ಲಿ ಕನವರಿಸುವುದೂ ಗುಜರಾತಿ. ಮಗಳ ಕನ್ನಡ ದಿನದಿನಕ್ಕೆ ಸೊರಗುವುದನ್ನು ಕಂಡು ಕಳವಳಗೊಂಡ ಪಟ್ಟಾಭಿರಾಮ ಮನೆಯಲ್ಲಿ ಒಂದು ಕಾನೂನು ಜಾರಿ ಮಾಡಿದ. ಹೊಸ್ತಿಲಿನಿಂದ ಒಳಗೆ ಇಂಗ್ಲಿಷ್ ಪದ ಕೂಡದು. ಅಂದಿನಿಂದ ರೇಡಿಯೊ ಬಾನುಲಿಯಾಯಿತು, ಸೈಕಲ್ಲು ದ್ವಿಚಕ್ರಿಯಾಯಿತು, ಟೆಲಿಗ್ರಾಫ್ ಆಫೀಸು ತಂತಿ ಕಚೇರಿಯಾಯಿತು. ವೈದೇಹಿ ಮಾತ್ರ ಈ ಕಾನೂನಿಗೆ ಸೊಪ್ಪು ಹಾಕದೆ ಸ್ಟವ್ ಹಚ್ಚಿ ಕಾಫಿ ಕಾಯಿಸುತ್ತಿದ್ದಳು.

ಕೆಳಗಿನ ಮನೆಯ ಚಿಮನಕಾಕಾ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಒಂದು ದಿನ ಜಗಲಿಯ ಮೇಲೆ ನಾಲ್ಕು ಜನರ ನಡುವೆ ಕೂತು ನಳಿನಿಯನ್ನು ಕರೆದು ಮಾತಿಗೆಳೆದರು. ನಿಮ್ಮ ಮನೆಯಿಂದ ಆಗಾಗ ಕುಂಯ್ ಎಂದು ಕೇಳುತ್ತದಲ್ಲ, ಅದೇನು, ನಿನ್ನ ಅಪ್ಪ ಮಾಡುವುದಾದರೂ ಏನು ಎಂದು ಕೇಳಿದರು. ಹುಡುಗಿ ಸರಿಯಾದ ಉತ್ತರವನ್ನೇ ಕೊಡಬೇಕೆಂದು ಮೆಟ್ಟಿಲು ಹತ್ತಿ ಬಂತು.

"ಅಪ್ಪಾ, ಕಾಕಾ ಕೇಳ್ತಾರೆ, ನೀವು ಶುಂ ಮಾಡ್ತೀರಾ?"

"ಶುಂ ಅಲ್ಲಮ್ಮ, ಏನು ಅನ್ನು. ಹದಿನೆಂಟು ವರ್ಷದಿಂದ ತಂತಿ ಕಚೇರೀಲಿದ್ದಾರೆ ಅಂತ ಹೇಳು."

ನಳಿನಿಯ ಕನ್ನಡದಲ್ಲಿ ಕಚೇರಿಗೆ ಒಂದೇ ಅರ್ಥ. ರಾಮನವಮಿಗೆ ತುಮಕೂರಿಗೆ ಹೋದಾಗ ಅಜ್ಜಿ ಅವಳನ್ನು ಸಂಗೀತದ ಚಪ್ಪರಕ್ಕೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದದ್ದು, ಮಧ್ಯದಲ್ಲಿ ನಿದ್ದೆ ಬರುತ್ತಿದ್ದದ್ದು, ಅದು ಕಚೇರಿ. ತಂತಿ ಎಂದರೆ ಅಪ್ಪನ ಪಿಟೀಲಿಗೆ ಬಿಗಿದಿರುವುದು. ಎರಡನ್ನೂ ಕೂಡಿಸಿಕೊಂಡು ಕೆಳಗಿಳಿದು, ನಮ್ಮ ಪಪ್ಪ ಹದಿನೆಂಟು ವರ್ಷದಿಂದ ತಂತಿವಾದ್ಯದ ಜಲಸಾ, ಎಂದರೆ ಸಂಗೀತ ಕಚೇರಿ, ನಡೆಸುತ್ತಿದ್ದಾರೆ ಎಂದು ಅಚ್ಚ ಗುಜರಾತಿಯಲ್ಲಿ ಸಾರಿತು. ಅನುವಾದದಲ್ಲಿ ಒಂದು ಅಕ್ಷರದ ತಪ್ಪೂ ಇರಲಿಲ್ಲ.

ಮರುದಿನ ಸಂಜೆ ಚಿಮನಕಾಕಾ ಇಬ್ಬರನ್ನು ಹಿಂದಿಟ್ಟುಕೊಂಡು ಮೇಲೆ ಬಂದರು. ಒಬ್ಬರು ಎದುರು ಮನೆಯ ಸವಿತಾಬೇನ್. ಇನ್ನೊಬ್ಬ ಮಕರಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹರ್ಷದ್, ಎಡಗೈಯ ಎರಡು ಬೆರಳನ್ನು ಯಂತ್ರಕ್ಕೆ ಕೊಟ್ಟವನು. ಅವರದು ಮುರುಕು ಹಿಂದಿ, ಪಟ್ಟಾಭಿರಾಮನದು ಅದಕ್ಕಿಂತ ಮುರುಕು; ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಕೊಟ್ಟಿದೆ.

"ಹದಿನೆಂಟು ವರ್ಷ ಜಲಸಾ ನಡೆಸಿದವರು ನಮ್ಮ ತಲೆಯ ಮೇಲೇ ವಾಸವಾಗಿದ್ದೀರಿ. ನಮಗೆ ತಿಳಿಯಲೇ ಇಲ್ಲವಲ್ಲ, ಮಾಸ್ತರ್," ಎಂದರು ಕಾಕಾ ಬಹಳ ಗಂಭೀರವಾಗಿ. "ನನ್ನ ಹತ್ತಿರ ಒಂದು ದಿಲ್‌ರುಬಾ ಇದೆ. ಸವಿತಾಬೇನ್ ಹತ್ತಿರ ಸಿತಾರ್. ಹರ್ಷದ್ ಹತ್ತಿರ ಪಿಟೀಲು, ಬೆರಳು ಹೋಗುವ ಮೊದಲು ಕೊಂಡದ್ದು. ನಮ್ಮನ್ನೆಲ್ಲ ಒಟ್ಟಿಗೆ ಕೂರಿಸಿ ಕಲಿಸಬೇಕು."

ಎಲ್ಲಿ ಎಡವಟ್ಟಾಗಿದೆ ಎಂದು ಪಟ್ಟಾಭಿರಾಮನಿಗೆ ತಕ್ಷಣ ಹೊಳೆಯಿತು. ಒಂದೇ ಒಂದು ವಾಕ್ಯ ಹೇಳಿದ್ದರೆ ಎಲ್ಲರೂ ನಕ್ಕು, ಚಹಾ ಕುಡಿದು, ಮೆಟ್ಟಿಲಿಳಿದು ಹೋಗುತ್ತಿದ್ದರು. ಆ ವಾಕ್ಯಕ್ಕಾಗಿ ಅವನು ಉಸಿರನ್ನೂ ಎಳೆದುಕೊಂಡ. ಅಷ್ಟರಲ್ಲಿ ಹರ್ಷದ್ ಬಗ್ಗಿ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ತಂತಿಯವನು ಬಂದನೆಂದರೆ ಯಾರು ಸತ್ತರೋ ಎಂದು ಎದೆ ಹಿಡಿದುಕೊಳ್ಳುವವರನ್ನು ಕಂಡಿದ್ದ ಪಟ್ಟಾಭಿರಾಮ, ಕಾಲು ಮುಟ್ಟುವವರನ್ನು ಎಂದೂ ಕಂಡಿರಲಿಲ್ಲ. ಆ ವಾಕ್ಯದ ಬದಲು, ಭಾನುವಾರ ಬೆಳಿಗ್ಗೆ ಚಾವಣಿಗೆ ಬನ್ನಿ, ಎಂದುಬಿಟ್ಟ.

ಅವರೆಲ್ಲ ಹೋದ ಮೇಲೆ ವೈದೇಹಿ ಅಡುಗೆಮನೆಯಿಂದ ಹೊರಗೆ ಬಂದಳು.

"ಸರಳೆ ವರಸೆ, ಜಂಟಿ ವರಸೆ ಬಿಟ್ರೆ ನಿಮಗೆ ಏನ್ರೀ ಬರತ್ತೆ?"

"ಒಂದು ಗೀತೆ ಬರತ್ತೆ."

"ಅರ್ಧ ಬರತ್ತೆ."

"ನಿಧಾನಕ್ಕೆ ಹೇಳಿಕೊಟ್ರೆ ಅರ್ಧ ಗೀತೇನೇ ರಿಟೈರ್ ಆಗೋವರೆಗೂ ಸಾಕಾಗತ್ತೆ," ಎಂದು ಅವನು ತನ್ನ ಕಾನೂನನ್ನು ತಾನೇ ಮುರಿದ.

"ನಾಳೆ ಹೋಗಿ ನಿಜ ಹೇಳಿಬಿಡಿ. ಒಳ್ಳೇ ಜನ, ಏನೂ ಅಂದ್ಕೊಳಲ್ಲ."

"ಹೇಳ್ತೀನಿ."

ಹೇಳಬೇಕೆಂಬ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು. ಪ್ರತಿ ಶನಿವಾರ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲರೂ ವಾದ್ಯ ಹೊತ್ತು ಚಾವಣಿಗೆ ಬಂದು, ಗುರೂಜಿ, ಎಂದ ಕೂಡಲೆ ಇಳಿದುಹೋಗುತ್ತಿತ್ತು.

ಪಾಠ ನಡೆದ ರೀತಿಯನ್ನು ಸಂಗೀತಶಾಸ್ತ್ರ ಬಲ್ಲವರು ಓದದಿರುವುದೇ ಒಳ್ಳೆಯದು. ತಿಳಿದದ್ದು ಬೇಗ ಖರ್ಚಾಗಿಬಿಟ್ಟೀತೆಂಬ ಹೆದರಿಕೆಯಿಂದ ಪಟ್ಟಾಭಿರಾಮ ಪಾಠದ ಅರ್ಧ ಹೊತ್ತನ್ನು ಶ್ರುತಿ ಸೇರಿಸುವುದರಲ್ಲೇ ಕಳೆಯುತ್ತಿದ್ದ. ವೈದೇಹಿ ಶ್ರುತಿಪೆಟ್ಟಿಗೆ ಒತ್ತುತ್ತ ಕೂರುವಳು. ಕಾಕಾನ ದಿಲ್‌ರುಬಾಕ್ಕೆ ಲೆಕ್ಕವಿಲ್ಲದಷ್ಟು ತಂತಿ. ಒಂದನ್ನು ಬಿಗಿದರೆ ಇನ್ನೊಂದು ಸಡಿಲವಾಗುವುದು. ಬಿರಡೆ ತಿರುಗಿಸಿ ತಿರುಗಿಸಿ ಎಲ್ಲರ ಬೆರಳು ಬಾತುಕೊಂಡ ಮೇಲೆ ಪಾಠ ಆರಂಭ. ಸವಿತಾಬೇನ್ ಹೇಳಿಕೊಟ್ಟದ್ದನ್ನು ಗಪ್ಪನೆ ಹಿಡಿದು ಮುಂದೇನು ಎಂದು ನೋಡುವರು. ಮುಂದೇನು ಎಂಬುದು ಗುರುವಿಗೂ ಅನುಮಾನವಾದ್ದರಿಂದ, ಸಾಧನೆ ಬೇಕು ಬೇನ್, ಇನ್ನೂ ಸಾಧನೆ ಬೇಕು, ಎಂದು ಅವನು ಕಣ್ಣು ಮುಚ್ಚಿಕೊಳ್ಳುವನು. ಹರ್ಷದನಿಗೆ ಇದ್ದ ಬೆರಳಲ್ಲಿ ಸ್ವರ ಹಿಡಿಯಲು ಆಗದು. ಅವನಿಗೆ ಬೆರಳಿಡದೆ ಬರಿಯ ತಂತಿಯ ಮೇಲೆ ಸ ಮತ್ತು ಪ ಎಳೆಯುವ ಕೆಲಸ. ಕಾಕಾನ ಕಮಾನು ಹಿಡಿದ ಕೈ ವಯಸ್ಸಿಗೆ ನಡುಗುತ್ತಿತ್ತು. ಮೊದಲ ದಿನ ಅವರು ನಾಚಿಕೊಂಡು ಕಮಾನು ಕೆಳಗಿಟ್ಟಾಗ ಪಟ್ಟಾಭಿರಾಮ, ಅದು ನಡುಕ ಅಲ್ಲ ಕಾಕಾ, ನಮ್ಮಲ್ಲಿ ಅದನ್ನ ಗಮಕ ಅಂತಾರೆ, ಎಂದ. ಮುದುಕರು ಆ ಇಡೀ ವಾರ ಗಮಕದಲ್ಲೇ ಓಡಾಡಿದರು. ನಳಿನಿಗೂ ಸವಿತಾಬೇನ್ ಮಗಳಿಗೂ ಪುಟ್ಟ ಪಿಟೀಲು ಕೊಟ್ಟು ಮೊದಲ ಸಾಲಿನಷ್ಟನ್ನು ಬೆರಳಿಂದ ಮೀಟಲು ಹಚ್ಚಿದ್ದ.

ತಪ್ಪು ಯಾವುದೆಂದು ಖಚಿತವಾಗಿ ಗೊತ್ತಿಲ್ಲದ ಗುರು ಯಾರನ್ನೂ ಗದರುವಂತಿರಲಿಲ್ಲ. ಒಂದು ಮಾತ್ರ ಅವನಿಗೆ ಖಂಡಿತವಾಗಿ ಬರುತ್ತಿತ್ತು. ಮಣೆಯ ಮೇಲೆ ಬೆರಳ ಗೆಣ್ಣಿನಿಂದ ಅವನು ತಾಳ ಕುಟ್ಟಿದರೆ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾಗುತ್ತಿರಲಿಲ್ಲ. ಹದಿನೆಂಟು ವರ್ಷ ಕುಟ್ಟಿದ್ದ ಬೆರಳು ಅದು. ಆ ಕುಟ್ಟಿಗೆ ಮುದುಕ, ಹೆಂಗಸು, ಕೂಸು, ಬೆರಳಿಲ್ಲದವನು ಎಲ್ಲರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ನಿಲ್ಲಿಸುವುದನ್ನು ಕಲಿತರು. ನಡುವೆ ಏನಾಗುತ್ತಿತ್ತೆಂಬುದು ಬೇರೆ ವಿಷಯ.

ವೈದೇಹಿಯ ಉಪ್ಪಿಟ್ಟು ಪೋಳದಲ್ಲೆಲ್ಲ ಹೆಸರಾಯಿತು. ಎಷ್ಟೋ ಊರು ಸುತ್ತಿ, ಎಲ್ಲಿಯೂ ಪಕ್ಕದ ಮನೆಯವರ ಹೆಸರು ಕಲಿಯುವ ಹೊತ್ತಿಗೆ ಗಂಟುಮೂಟೆ ಕಟ್ಟಿದ್ದ ಅವಳಿಗೆ ಇಲ್ಲಿ ಸವಿತಾಬೇನ್ ಸಿಕ್ಕಿದ್ದರು. ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಹಪ್ಪಳ ಲಟ್ಟಿಸುತ್ತ ಅರ್ಧ ಗುಜರಾತಿ, ಅರ್ಧ ಕೈಸನ್ನೆಯಲ್ಲಿ ಹೊಟ್ಟೆಯೊಳಗಿನದನ್ನೆಲ್ಲ ಹೇಳಿಕೊಳ್ಳುತ್ತಿದ್ದರು. "ಇಲ್ಲೇ ಇದ್ದುಬಿಡೋಣ ರೀ," ಎಂದು ಅವಳು ಒಂದು ದಿನ ಗಂಡನಿಗೆ ಹೇಳಿದಳು. "ನಳಿನಿ ಮದುವೆವರೆಗೂ ಇಲ್ಲಿಂದ ಕದಲೋದು ಬೇಡ." ಹೆಂಡತಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಆಗಲಿ ಎಂದ ಪಟ್ಟಾಭಿರಾಮ.

ಹೀಗೆ ಸುಖವಾಗಿರುವಾಗ ಶರದ್ ಹುಣ್ಣಿಮೆ ಹತ್ತಿರ ಬಂತು. ಆ ರಾತ್ರಿ ಗುಜರಾತಿಗಳು ಹಾಲಲ್ಲಿ ಅವಲಕ್ಕಿ ನೆನೆಸಿ, ಬೆಳದಿಂಗಳಲ್ಲಿಟ್ಟು, ಚಾವಣಿಯ ಮೇಲೆ ಕೂತು ತಿನ್ನುತ್ತಾರೆ. ಈ ಸಲ ತಿನ್ನುವ ಮೊದಲು ಗುರೂಜಿಯ ವೃಂದದ ವಾದನ ಎಂದು ಕಾಕಾ ತೀರ್ಮಾನಿಸಿದರು. ಹೆಬ್ಬಾಗಿಲಿನ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ತಾವೇ ದಪ್ಪಕ್ಷರ ಕೊರೆದರು: ಮೈಸೂರಿನ ಪಂಡಿತ್ ಪಟ್ಟಾಭಿರಾಮಜಿ, ಹದಿನೆಂಟು ವರ್ಷಗಳ ಜಲಸಾದ ಅನುಭವ. ಮುಖ್ಯ ಅತಿಥಿಗಳು ನಿವೃತ್ತ ಸಂಗೀತ ಪ್ರೊಫೆಸರರು.

ಆಫೀಸಿಗೆ ಹೊರಟಿದ್ದ ಪಟ್ಟಾಭಿರಾಮ ಹಲಗೆ ಓದಿ ಸೈಕಲ್ಲಿನಿಂದ ಇಳಿದ. ಪ್ರೊಫೆಸರರು ನಿಮ್ಮ ಗುರುಗಳು ಯಾರು ಎಂದು ಕೇಳುತ್ತಾರೆ. ಗೀತೆಯ ಉಳಿದರ್ಧ ಎಲ್ಲಿ ಎಂದು ಕೇಳುತ್ತಾರೆ. ಹರ್ಷದ್ ತಾನು ಮುಟ್ಟಿದ ಕಾಲನ್ನು ನೋಡುತ್ತಾನೆ. ಇಡೀ ಪೋಳ ವೈದೇಹಿಯನ್ನು ಸುಳ್ಳನ ಹೆಂಡತಿ ಎನ್ನುತ್ತದೆ. ಸೈಕಲ್ಲನ್ನು ತಳ್ಳಿಕೊಂಡು ಆಫೀಸು ತಲುಪುವ ಹೊತ್ತಿಗೆ ಅವನು ಮನಸ್ಸಿನಲ್ಲೇ ನಾಲ್ಕು ಸಲ ಊರು ಬಿಟ್ಟು ಓಡಿಹೋಗಿದ್ದ.

ಸೂರತ್ತಿನ ಆಫೀಸಿನಲ್ಲಿ ಮಲ್ಲಿಕಾರ್ಜುನ ಎಂಬ ವಿಜಾಪುರದವನೊಬ್ಬನಿದ್ದ. ಮುಖ ಕಂಡವರಲ್ಲ, ಬಿಡುವಾದಾಗ ಇಬ್ಬರೂ ತಂತಿಯ ಮೇಲೆಯೇ ಕಟ್ಟು ಕಡ ಎಂದು ಕುಟ್ಟಿಕೊಂಡು ಹರಟೆ ಹೊಡೆಯುತ್ತಿದ್ದರು. ಭಾವಮೈದುನ ಮಕರಪುರದಲ್ಲಿದ್ದಾನೆ, ವಡೋದರಾದವರು ಯಾರಾದರೂ ಅದಲುಬದಲಿಗೆ ಒಪ್ಪುವರೇ ಎಂಬುದು ಮಲ್ಲಿಕಾರ್ಜುನನ ಹಳೆಯ ರಾಗ. ಅಂದೂ ಅದನ್ನೇ ಕುಟ್ಟಿದ. ಪಟ್ಟಾಭಿರಾಮ ಯೋಚಿಸಲಿಲ್ಲ. ಬೆರಳು ಅದರಷ್ಟಕ್ಕೆ ಅದೇ, ನಾನು ಬರುತ್ತೇನೆ, ಎಂದು ಕುಟ್ಟಿತು. ಸಂಜೆಯೊಳಗೆ ಮೇಲಧಿಕಾರಿ ಜೋಶಿ ಸಾಹೇಬರ ಮುಂದೆ ನಿಂತು, ಹುಣ್ಣಿಮೆಯ ಒಳಗೆ ಕಳಿಸಿಬಿಡಿ ಸಾರ್, ಎಂದು ಕೈಮುಗಿದೂ ಆಯಿತು. ಜೋಶಿ ಸಾಹೇಬರು, ವರ್ಗಾವಣೆಗೂ ಹುಣ್ಣಿಮೆಗೂ ಏನು ಸಂಬಂಧವೆಂದು ಕೇಳುತ್ತಲೇ ಕೋರಿಕೆಯ ಮೇಲೆ ರುಜು ಹಾಕಿದರು.

ಹುಣ್ಣಿಮೆ ಬಂತು, ಆರ್ಡರ್ ಬರಲಿಲ್ಲ. ಪಟ್ಟಾಭಿರಾಮ ಬೇರೆ ದಾರಿಯಿಲ್ಲದೆ ಮಣೆಯ ಮುಂದೆ ಕೂತು ಕುಟ್ಟಿದ. ಕಾಕಾ ನಡುಗುವ ಸ ಹಿಡಿದರು, ಹರ್ಷದ್ ಸ ಪ ಎಳೆದ, ಸವಿತಾಬೇನ್ ಅರ್ಧ ಗೀತೆಯನ್ನು ನುಡಿಸಿದರು, ಮಕ್ಕಳು ತಮಗೆ ಬಂದ ಸಾಲು ಬಂದಾಗಲೆಲ್ಲ ಓಡಿಬಂದು ಸೇರಿಕೊಂಡರು. ಉಳಿದರ್ಧ ಯಾರಿಗೂ ಬಾರದ್ದರಿಂದ ಮೊದಲರ್ಧವನ್ನೇ ಮತ್ತೆ ಮತ್ತೆ ನುಡಿಸಿದರು. ಮುಗಿದಾಗ ಪಟ್ಟಾಭಿರಾಮ ಮರಣದಂಡನೆಗೆ ಕಾಯುವವನಂತೆ ಪ್ರೊಫೆಸರರನ್ನು ನೋಡಿದ.

ಅವರು ಹಾಲವಲಕ್ಕಿಯ ಬಟ್ಟಲನ್ನು ಕೆಳಗಿಟ್ಟು, "ನನ್ನ ಶಿಷ್ಯರಲ್ಲಿ ಒಬ್ಬೊಬ್ಬನೂ ಮೇಧಾವಿ. ಅವರನ್ನು ಒಟ್ಟಿಗೆ ಶುರು ಮಾಡಿಸಲು ಮಾತ್ರ ನನ್ನ ಕೈಯಲ್ಲಿ ಆಗಲಿಲ್ಲ. ನೀವು ಹೇಗೆ ಮಾಡಿದಿರಿ?" ಎಂದರು. ಗುರು ಯಾರೆಂದು ಕೇಳಲಿಲ್ಲ. ಕೇಳಿದ್ದು ಇನ್ನೊಂದು ಬಟ್ಟಲು ಅವಲಕ್ಕಿಯನ್ನು.

ಪಟ್ಟಾಭಿರಾಮನ ಬದುಕಿನಲ್ಲಿ ಅಂಥ ರಾತ್ರಿ ಮತ್ತೊಂದಿಲ್ಲ. ತನ್ನ ಕೋರಿಕೆಯನ್ನು ಅವನು ಅಲ್ಲಿಗೆ ಮರೆತೇಬಿಟ್ಟ. ಸರ್ಕಾರ ಎಷ್ಟೋ ಕಾಗದ ಕಳೆಯುತ್ತದೆ, ಇದನ್ನೂ ಕಳೆಯುತ್ತದೆಂದು ನಂಬಿಕೊಂಡ. ಹದಿನೆಂಟು ವರ್ಷ ಇಲಾಖೆಯಲ್ಲಿದ್ದವನ ನಂಬಿಕೆ ಅದು, ತಳಬುಡವಿಲ್ಲದ್ದೇನಲ್ಲ. ಆದರೆ ಇದೊಂದನ್ನು ಸರ್ಕಾರ ಜೋಪಾನವಾಗಿ ಕಾಪಾಡಿತು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಸೂರತ್ತಿಗೆ ವರ್ಗವಾಯಿತು.

"ಯಾರ್ರೀ ಮಾಡಿಸಿದ್ದು?" ಎಂದು ವೈದೇಹಿ ಕೇಳಿದಳು. ಅವಳ ಮುಖ ನೋಡಿ ಪಟ್ಟಾಭಿರಾಮನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಮೇಲಿನೋರು. ಸರ್ಕಾರದ ಹುಕುಂ, ಏನು ಮಾಡೋದು."

ಸುದ್ದಿ ಹಬ್ಬಿ ಪೋಳವೆಲ್ಲ ಕೊತಕೊತ ಕುದಿಯಿತು. ಕಾಕಾ ಕೋಟು ತೊಟ್ಟು, ನಿಯೋಗ ಕಟ್ಟಿಕೊಂಡು ಜೋಶಿ ಸಾಹೇಬರಲ್ಲಿಗೆ ಹೊರಟೇಬಿಟ್ಟರು. ಪಟ್ಟಾಭಿರಾಮ ಹೆಬ್ಬಾಗಿಲಿಗೆ ಅಡ್ಡ ನಿಂತು, ಸರ್ಕಾರಿ ನೌಕರ ತನಗಾಗಿ ಶಿಫಾರಸು ಮಾಡಿಸಬಾರದು, ದಯವಿಟ್ಟು ಹೋಗಬೇಡಿ ಎಂದು ಬೇಡಿಕೊಂಡ. ಎಂಥ ನಿಸ್ಪೃಹ ಮನುಷ್ಯ ಎಂದು ಎಲ್ಲರ ಕಣ್ಣೂ ಒದ್ದೆಯಾಯಿತು. ಆ ನಿಸ್ಪೃಹ ಮನೆಗೆ ಹಿಂತಿರುಗಿ ಗಂಟುಮೂಟೆ ಕಟ್ಟಲು ಕೂತ.

ಹೊರಡುವ ಮುನ್ನಾದಿನ ಚಾವಣಿಯಲ್ಲಿ ಬೀಳ್ಕೊಡುಗೆ. ವೈದೇಹಿಯೂ ಸವಿತಾಬೇನೂ ಒಳಗೆ ಪಾತ್ರೆ ಕಟ್ಟುತ್ತಿದ್ದರು. ಹೇಗೂ ಹೋಗುವವನು, ಸುಳ್ಳು ಹೊತ್ತುಕೊಂಡು ಯಾಕೆ ಹೋಗಲಿ ಎಂದು ಪಟ್ಟಾಭಿರಾಮ ಕಾಕಾನ ಮುಂದೆ, ಹರ್ಷದನ ಮುಂದೆ ಕೈಮುಗಿದು ನಿಂತ. ನಾನು ಜಲಸಾ ನಡೆಸಿದವನಲ್ಲ, ಟೆಲಿಗ್ರಾಫ್ ಆಫೀಸಿನ ಗುಮಾಸ್ತ, ನನಗೆ ಬರುವುದು ಅರ್ಧ ಗೀತೆ, ಮಗಳು ತಪ್ಪು ತಿಳಿದಳು, ನಾನು ತಿದ್ದಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದ.

ಕಾಕಾ ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು.

"ಮಾಸ್ತರ್, ನೀವು ದಿನಾ ಸೈಕಲ್ ಹತ್ತಿ ತಾರ್ ಆಫೀಸಿಗೆ ಹೋಗುವುದನ್ನು ಪೋಳದ ನಾಯಿ ಕೂಡ ಬಲ್ಲದು. ನನ್ನ ತಮ್ಮ ಸತ್ತ ಸುದ್ದಿಯ ತಾರನ್ನು ಮನೆಗೆ ತಂದು ಓದಿ ಹೇಳಿದವರು ನೀವೇ ಅಲ್ಲವೇ. ನಳಿನಿ ಹೇಳಿದ ದಿನ ನಾವು ಜಗಲಿ ಮೇಲೆ ಬಿದ್ದು ಬಿದ್ದು ನಕ್ಕೆವು. ಮರುದಿನ ನಾನು ತಮಾಷೆಗೆ ಹಾಗೆ ಅಂದೆ. ಹಲಗೆಯ ಮೇಲೆ ಬರೆದದ್ದೂ ತಮಾಷೆಗೇ."

"ಹಾಗಾದರೆ ನನ್ನ ಹತ್ತಿರ ಯಾಕೆ ಬಂದಿರಿ?"

ಇದಕ್ಕೆ ಹರ್ಷದ್ ಉತ್ತರ ಕೊಟ್ಟ. "ದೊಡ್ಡ ಉಸ್ತಾದರ ಹತ್ತಿರ ಹೋಗಿದ್ದೆವು. ಕಾಕಾನ ಕೈ ನೋಡಿ ಬೇಡ ಎಂದರು. ನನ್ನ ಬೆರಳು ನೋಡಿ ಬೇಡ ಎಂದರು. ಸವಿತಾಬೇನೇ ಹೇಳಿದ್ದು, ಈ ತಾರ್ ಮಾಸ್ತರರಿಗೆ ಬರುವುದೇ ಸ್ವಲ್ಪ, ಅವರು ನಮ್ಮನ್ನು ಓಡಿಸುವುದಿಲ್ಲ ಅಂತ."

ಪಟ್ಟಾಭಿರಾಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯಾರೂ ನಂಬದ ಸುಳ್ಳೊಂದು ಬಯಲಾಗುತ್ತದೆಂದು ಹೆದರಿ ಅವನು ಊರನ್ನೇ ಕಳೆದುಕೊಂಡಿದ್ದ. ಸೈಕಲ್ಲು ಹತ್ತಿ ಆಫೀಸಿಗೆ ಹಾರಿದ. ವರ್ಗಾವಣೆ ಬೇಡ ಸಾರ್, ರದ್ದು ಮಾಡಿಬಿಡಿ ಎನ್ನಲು ಜೋಶಿ ಸಾಹೇಬರ ಬಾಗಿಲಿಗೆ ಬಂದರೆ, ಅಲ್ಲಿ ಟ್ರಂಕು, ಹಾಸಿಗೆ ಸುರುಳಿ, ಮಕ್ಕಳು, ಮುದುಕಿ ತಾಯಿ ಸಮೇತ ಒಬ್ಬ ಮೀಸೆಯವನು ನಿಂತಿದ್ದ.

"ಪಟ್ಟಾಭಿರಾಮ ಅವರು ನೀವಽ ಏನ್ರಿ?" ಎಂದು ಆತ ಎರಡೂ ಕೈ ಹಿಡಿದುಕೊಂಡ. "ನಾ ಮಲ್ಲಿಕಾರ್ಜುನ್ರಿ, ಸೂರತ್ತಿನಾಂವ. ದೇವರು ಬಂದಂಗ ಬಂದ್ರಿ ನೀವು. ನೀವಾಗೇ ಕೇಳ್ಕೊಳ್ಳದಿದ್ರ ಈ ಜನ್ಮದಾಗ ನನಗ ಅಲ್ಲಿಂದ ಬಿಡುಗಡಿ ಇದ್ದಿದ್ದಿಲ್ರಿ. ಅವ್ವಾ, ಇವರ ನೋಡ, ಇವರಿಗೊಂದು ಹರಕಿ ಕೊಡು."

ಮುದುಕಿ ಅವನ ತಲೆ ಸವರಿ, ನೂರು ವರ್ಷ ಬಾಳಪ್ಪ, ಎಂದಳು. ಪಟ್ಟಾಭಿರಾಮ ಆ ಮುದುಕಿಯ ಟ್ರಂಕನ್ನು ಜಟಕಾದವರೆಗೆ ಹೊತ್ತುಕೊಟ್ಟು ಮನೆಗೆ ಬಂದ.

ಮರುದಿನ ರೈಲ್ವೆ ಸ್ಟೇಷನ್ನಿಗೆ ಪೋಳಕ್ಕೆ ಪೋಳವೇ ಬಂದಿತ್ತು. ಸವಿತಾಬೇನ್ ವೈದೇಹಿಯ ಕೈ ಬಿಡದೆ, ರೈಲಿನ ಜೊತೆ ಪ್ಲಾಟ್‌ಫಾರಂ ಮುಗಿಯುವ ತನಕ ನಡೆದರು. ಇಂಥವರನ್ನು ಎತ್ತಂಗಡಿ ಮಾಡಿಸಿದ ಪಾಪಿ ಯಾರೋ, ಅವನಿಗೆ ಒಳ್ಳೆಯದಾಗದು ಎಂದು ಕಾಕಾ ಕೋಲೆತ್ತಿ ಶಪಿಸಿದರು. ಪಟ್ಟಾಭಿರಾಮ ಕಿಟಕಿಯಲ್ಲಿ ಕೈಮುಗಿದುಕೊಂಡೇ ನಿಂತಿದ್ದ.

ನಳಿನಿ ಅತ್ತು ಅತ್ತು ವೈದೇಹಿಯ ತೊಡೆಯ ಮೇಲೆ ಮಲಗಿತ್ತು. ನಿಜ ಹೇಳಿಬಿಡಬೇಕೆಂದು ಪಟ್ಟಾಭಿರಾಮ ಎರಡು ಸಲ ಬಾಯಿ ತೆರೆದ, ಎರಡು ಸಲವೂ ನೀರು ಕುಡಿದು ಮುಚ್ಚಿದ. ಭರೂಚ ದಾಟಿ ರೈಲು ನರ್ಮದೆಯ ಸೇತುವೆಯನ್ನು ಹತ್ತಿತು. ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಗೆ ಬಂದು ನದಿಗೆ ಕಾಸು ಎಸೆದು ಕೈಮುಗಿಯತೊಡಗಿದರು. ವೈದೇಹಿಯೂ ಸೆರಗಿನ ಗಂಟು ಬಿಚ್ಚಿದಳು. ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಬಹಳ ಹೊತ್ತು ಬೇಡಿಕೊಂಡು ಒಂದು ಕಾಸನ್ನು ಎಸೆದಳು. ಇನ್ನೊಂದನ್ನು ಗಂಡನ ಕೈಗಿಟ್ಟಳು.

"ಏನು ಬೇಡಿಕೊಂಡೆ?" ಎಂದು ಅವನು ಕೇಳಿದ.

"ನಮ್ಮನ್ನ ಅಲ್ಲಿಂದ ಕಿತ್ತು ಹಾಕಿದೋನು ಯಾರೇ ಆಗಿರಲಿ, ಅವನಿಗೆ ಯಾವ ಊರಲ್ಲೂ ನೆಮ್ಮದಿ ಕೊಡಬೇಡ ತಾಯೀ ಅಂತ. ನೀವೂ ಅದನ್ನೇ ಬೇಡ್ಕೊಳಿ. ಬೇಗ, ಸೇತುವೆ ಮುಗಿಯತ್ತೆ."

ಪಟ್ಟಾಭಿರಾಮ ಕಣ್ಣು ಮುಚ್ಚಿದ. ಹೆಂಡತಿ ಹೇಳಿದ್ದನ್ನೇ, ಒಂದು ಅಕ್ಷರವೂ ಬಿಡದೆ, ಮನಸಾರೆ ಬೇಡಿಕೊಂಡು ಕಾಸನ್ನು ನದಿಗೆ ಎಸೆದ.